ಬಡ್ತಿ ಸಿಕ್ಕ ಮರುವರ್ಷ

ನಮ್ಮ ಆಂಟಾಪ್ ಹಿಲ್‌ನಲ್ಲಿ ‘ಬಡ್ತಿ’ ಎಂಬ ಮಾತಿಗೆ ಬೆಲೆ ಜಾಸ್ತಿ. ಕೇಂದ್ರ ಸರಕಾರಿ ನೌಕರರ ಕಾಲೊನಿ ಇರುವ ಜಾಗವಲ್ಲವೇ! ಯಾರಿಗಾದರೂ ಬಡ್ತಿ ಬಂತೆಂದರೆ ಇಡೀ ಮಹಡಿಗೆ ಪೇಡೆ ಹಂಚುತ್ತಾರೆ, ಇನ್ನೂ ಒಂದು ಕೋಣೆ ಹೆಚ್ಚಿರುವ ಕ್ವಾರ್ಟರ್ಸಿನ ಕನಸು ಕಾಣುತ್ತಾರೆ. ಪೇಡೆ ತಿಂದು ಮುಗಿದ ಮೇಲಿನ ವರ್ಷ ಹೇಗಿರುತ್ತದೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೊಸ ಕುರ್ಚಿ, ಹೊಸ ಸಾಹೇಬರು, ದೂರದ ಊರಿಗೆ ವರ್ಗ, ನಿನ್ನೆಯವರೆಗೆ ಲೀಲಾಜಾಲವಾಗಿ ಮಾಡುತ್ತಿದ್ದ ಕೆಲಸ ಇಂದು ಕೈಗೆ ಹತ್ತದಿರುವುದು. ಫುಟ್‌ಬಾಲ್ ಕ್ಲಬ್ಬುಗಳಿಗೂ ಇದೇ ಪಾಡು.

‘ಈ ವಯಸ್ಸಿನಲ್ಲಿ ಇವರಿಗೆ ಫುಟ್‌ಬಾಲ್ ಹುಚ್ಚು ಎಲ್ಲಿಂದ ಹಿಡಿಯಿತು’ ಎಂದು ನೀವು ನಗಬಹುದು. ಹಿಡಿಸಿದವನು ನನ್ನ ತಂಗಿಯ ಮಗ. ಒಮ್ಮೆ ಕೆಂಪು ಜೆರ್ಸಿ ತೊಟ್ಟು ನಮ್ಮ ಮನೆಗೆ ಬಂದವನು, ಮುಖ ಸಪ್ಪಗೆ ಮಾಡಿಕೊಂಡು “ನಮ್ಮ ಟೀಮು ಸೋತಿತು ದೊಡ್ಡಮ್ಮ” ಅಂದ. “ನಿಮ್ಮ ಟೀಮು ಅಂದರೆ ಎಲ್ಲಿಯದೋ?” ಎಂದು ಕೇಳಿದರೆ, ಮ್ಯಾಂಚೆಸ್ಟರ್! “ಮುಂಬಯಿಯಲ್ಲಿ ಯಾವುದೂ ಇಲ್ಲವೇನೋ?” ಅಂದೆ. “ಮುಂಬಯಿ ಸಿಟಿ ಇದೆಯಲ್ಲ.” “ಅದು ಬಿಟ್ಟು?” ಹುಡುಗ ಸುಮ್ಮನಾದ. ಅವನಿಗೆ ಉತ್ತರ ಹುಡುಕಿಕೊಡಬೇಕೆಂದು ಪತ್ರಿಕೆಗಳ ಕ್ರೀಡಾಪುಟ ತಿರುವತೊಡಗಿದವಳು ನಾನು, ಆಮೇಲೆ ಬಿಡಲಾಗಲಿಲ್ಲ.

ಉತ್ತರವಾಗಿ ಸಿಕ್ಕಿದ್ದು ಕೆಂಕ್ರೆ ಎಫ್.ಸಿ. ಮಕ್ಕಳಿಗೆ ಆಟ ಕಲಿಸುತ್ತ ಬೆಳೆದ ಮುಂಬಯಿಯ ಪುಟ್ಟ ಕ್ಲಬ್ಬು. 2021ರ ಅಕ್ಟೋಬರಿನಲ್ಲಿ ಐ-ಲೀಗಿನ ಅರ್ಹತಾ ಪಂದ್ಯಗಳು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿ ಗೆದ್ದು ಮೇಲೇರಿದ್ದು ರಾಜಸ್ಥಾನ್ ಯುನೈಟೆಡ್, ಎರಡನೆಯ ಸ್ಥಾನ ಕೆಂಕ್ರೆಗೆ. ಆಗ ಚೆನ್ನೈ ಸಿಟಿ ತಂಡ ಲೀಗಿನಿಂದ ಹೊರಬಿದ್ದು ಒಂದು ಸ್ಥಾನ ಖಾಲಿಯಾಯಿತು, ಅದು ಇವರಿಗೆ ಬಂತು. 2017ರಲ್ಲಿ ಮುಂಬಯಿ ಎಫ್.ಸಿ. ಕೆಳಗಿಳಿದ ಮೇಲೆ ಆ ಲೀಗಿನಲ್ಲಿ ನಮ್ಮ ನಗರದ ಹೆಸರೇ ಇರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಈ ಹುಡುಗರು.

ಇನ್ನು ಸಿಹಿ ಹಂಚಿದ ಮೇಲಿನ ಕಥೆ. ಕೊರೋನಾ ಕಾಲವಾದ್ದರಿಂದ 2021-22ರ ಲೀಗನ್ನು ಪೂರ್ತಿಯಾಗಿ ಪಶ್ಚಿಮ ಬಂಗಾಳದಲ್ಲೇ, ಕೋಲ್ಕತಾ, ಕಲ್ಯಾಣಿ, ನೈಹಾಟಿಗಳಲ್ಲಿ ನಡೆಸಿದರು. ಡಿಸೆಂಬರ್ 26ಕ್ಕೆ ಆರಂಭವಾದ ಲೀಗು, ತಂಡಗಳು ಇಳಿದುಕೊಂಡಿದ್ದ ಹೊಟೇಲಿನಲ್ಲೇ ಸೋಂಕು ಹರಡಿ ಕೆಲವೇ ದಿನಗಳಲ್ಲಿ ನಿಂತುಹೋಯಿತು. ಮತ್ತೆ ಶುರುವಾದದ್ದು ಮಾರ್ಚ್ ತಿಂಗಳಲ್ಲಿ. ಅಂದರೆ ಮುಂಬಯಿಯ ಕ್ಲಬ್ಬು ಮೇಲಿನ ಲೀಗಿನ ತನ್ನ ಮೊದಲ ವರ್ಷದಲ್ಲಿ ಮುಂಬಯಿಯಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ! ಅಪ್ಪ ಅಮ್ಮ, ಗೆಳೆಯರು ಯಾರೂ ಎದುರಿಗಿಲ್ಲ. ತವರಿನ ಪಂದ್ಯ ಎನ್ನುವುದೇ ಇಲ್ಲದ ವರ್ಷ. ಹದಿಮೂರು ತಂಡಗಳಲ್ಲಿ ಕೆಂಕ್ರೆ ಕೊನೆಯ ಸ್ಥಾನದಲ್ಲಿ ನಿಂತಿತು.

ಇಂಗ್ಲಿಷಿನಲ್ಲಿ ಇದಕ್ಕೆ ‘ರೆಲಿಗೇಶನ್’ ಅನ್ನುತ್ತಾರೆ, ನಮ್ಮ ಪತ್ರಿಕೆಗಳಲ್ಲಿ ‘ಹಿಂಬಡ್ತಿ’. ಬಿ.ಎ.ಗೆ ಇಂಗ್ಲಿಷ್ ಓದಿದವಳಾದ್ದರಿಂದ ಒಂದು ಮಾತು ಹೇಳದೆ ಇರಲಾರೆ. ರೋಮನ್ನರ ಕಾಲದಲ್ಲಿ ಈ ಪದದ ಮೂಲರೂಪಕ್ಕೆ ಗಡೀಪಾರು ಎಂಬ ಅರ್ಥವಿತ್ತು. ಕವಿ ಓವಿಡ್‌ನನ್ನು ಕಪ್ಪು ಸಮುದ್ರದ ದಡಕ್ಕೆ ಅಟ್ಟಿದ್ದು ಇದೇ ಶಿಕ್ಷೆಯಡಿಯಲ್ಲಿ. ಕೆಂಕ್ರೆಯವರಿಗೆ ಮಾತ್ರ ಗಡೀಪಾರು ಮೊದಲು ಬಂತು, ಕೊನೆಯ ಸ್ಥಾನ ಆಮೇಲೆ.

ಅದೃಷ್ಟವೆನ್ನಿ, ಮರುವರ್ಷ ‘ಇಂಡಿಯನ್ ಆ್ಯರೋಸ್’ ತಂಡ ಇರಲಿಲ್ಲ. ಹದಿಮೂರು ಹೋಗಿ ಹನ್ನೆರಡಾದವು, ಕೆಂಕ್ರೆ ಉಳಿದುಕೊಂಡಿತು. 2022-23ರಲ್ಲಿ ಕೊನೆಗೂ ಕೂಪರೇಜ್ ಮೈದಾನದಲ್ಲಿ ತವರಿನ ಪಂದ್ಯಗಳು ನಡೆದವು. ಹುಡುಗನನ್ನು ಕರೆದುಕೊಂಡು ಒಂದಕ್ಕೆ ಹೋಗಿದ್ದೆ. ಟಿ.ವಿ.ಯಲ್ಲಿ ಕಾಣದ್ದು ಅಲ್ಲಿ ಕಂಡಿತು, ಕಾಣುವುದಕ್ಕಿಂತ ಹೆಚ್ಚಾಗಿ ಕೇಳಿಸಿತು. ಗೋಲಿ ತನ್ನ ಬ್ಯಾಕುಗಳನ್ನು ಹೆಸರು ಹಿಡಿದು ಕೂಗುವುದು, ಕೋಚ್ ಗದರುವುದು, ಬೂಟಿಗೆ ಬೂಟು ತಗಲುವ ಸದ್ದು. ಎದುರಿನವರು ಎತ್ತರದಲ್ಲೂ ಮೈಕಟ್ಟಿನಲ್ಲೂ ಒಂದು ಕೈ ಮೇಲು. ನಮ್ಮವರು ಸೋತರು. ಸೋತು ಹೊರಬರುತ್ತಿದ್ದವರಿಗೆ ಪಕ್ಕದ ಕೆಲವರು ಎದ್ದು ಚಪ್ಪಾಳೆ ತಟ್ಟಿದಾಗ ಹುಡುಗ ಕೇಳಿದ, “ಸೋತವರಿಗೆ ಯಾಕೆ ದೊಡ್ಡಮ್ಮ?” ನಾನೂ ತಟ್ಟುತ್ತಿದ್ದುದರಿಂದ ಉತ್ತರ ಹೇಳಲು ಪುರುಸೊತ್ತಿರಲಿಲ್ಲ.

ಸಣ್ಣ ಕ್ಲಬ್ಬು ಮೇಲೆ ಹೋದಾಗ ನಿಜವಾಗಿ ಆಗುವುದೇನೆಂದರೆ, ಖರ್ಚು ಒಮ್ಮೆಲೇ ಏರುತ್ತದೆ, ಆದರೆ ಆಟ ಒಮ್ಮೆಲೇ ಏರುವುದಿಲ್ಲ. ಆ ವರ್ಷ 22 ಪಂದ್ಯ, ಅದರಲ್ಲಿ ಅರ್ಧ ಪರಸ್ಥಳದಲ್ಲಿ. ಶ್ರೀನಗರದ ಚಳಿ, ಐಜ್ವಾಲದ ಗುಡ್ಡ, ಇಂಫಾಲ, ಪಂಚಕುಲ, ಕೇರಳ. ವಿಮಾನ, ಹೊಟೇಲು, ಊಟ, ಲೈಸೆನ್ಸಿನ ಕಾಗದಪತ್ರ. ಆಮೇಲೆ ಬರುವುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಬಡ್ತಿ ಗೆದ್ದು ಕೊಟ್ಟ ಹುಡುಗರನ್ನೇ ಆಡಿಸುವುದೋ, ಅವರನ್ನು ಬೆಂಚಿನ ಮೇಲೆ ಕೂರಿಸಿ ದುಡ್ಡು ಕೊಟ್ಟು ಹೊರಗಿನವರನ್ನು ತರುವುದೋ? ಮೊದಲನೆಯದು ಮಾಡಿದರೆ ಸೋಲುವ ಭಯ. ಎರಡನೆಯದು ಮಾಡಿದರೆ ಏಣಿ ಹಿಡಿದವನೊಬ್ಬ, ಹತ್ತಿದವನು ಇನ್ನೊಬ್ಬ ಎಂದಾಗುತ್ತದೆ. ನನ್ನನ್ನು ಕೇಳಿದರೆ ಅರ್ಧಕ್ಕರ್ಧವಾದರೂ ಹಳೆಯ ಹುಡುಗರಿರಬೇಕು. ಆದರೆ ನನ್ನನ್ನು ಯಾರು ಕೇಳುತ್ತಾರೆ! ಆ ಋತುವಿನ ಕೊನೆಗೆ ಕೆಂಕ್ರೆ ಮತ್ತು ದೆಹಲಿಯ ಸುದೇವಾ ಎರಡೂ ಕೆಳಗಿಳಿದವು.

ಮುಂಬಯಿಯಲ್ಲಿ ದೊಡ್ಡ ತಂಡಗಳು ಇರಲಿಲ್ಲವೆಂದಲ್ಲ. ಮಹೀಂದ್ರ ಯುನೈಟೆಡ್ 2005-06ರಲ್ಲಿ ರಾಷ್ಟ್ರೀಯ ಲೀಗನ್ನೇ ಗೆದ್ದಿತ್ತು. 2010ರಲ್ಲಿ ಕಂಪೆನಿ ತೀರ್ಮಾನಿಸಿತು, ತಂಡ ಮುಚ್ಚಿತು. ಏರ್ ಇಂಡಿಯಾ ತಂಡವನ್ನು 2013ರಲ್ಲಿ ಲೈಸೆನ್ಸಿನ ನಿಯಮಗಳಿಗೆ ಹೊಂದಲಿಲ್ಲವೆಂದು ಲೀಗಿನಿಂದ ಕೈಬಿಟ್ಟರು. ಇವೆರಡೂ ಮೈದಾನದಲ್ಲಿ ಸೋತು ಹೋದವುಗಳಲ್ಲ. ಮೈದಾನದಲ್ಲಿ ಸೋತು ಇಳಿಯುವುದರಲ್ಲಿ ಒಂದು ಮರ್ಯಾದೆ ಇದೆ ಎಂದು ನನಗೆ ಅನ್ನಿಸುವುದು ಇದನ್ನೆಲ್ಲ ನೋಡಿದ ಮೇಲೆ. ಇಳಿದವರಿಗೆ ಮತ್ತೆ ಹತ್ತಲು ಮೆಟ್ಟಿಲಾದರೂ ಇರುತ್ತದೆ, ಬಾಗಿಲು ಮುಚ್ಚಿದವರಿಗೆ ಏನಿದೆ?

ನಿಮ್ಮ ಇಂಗ್ಲಿಷ್ ಕ್ಲಬ್ಬುಗಳಲ್ಲೂ ಇಂಥವರಿದ್ದಾರೆ. ಡರ್ಬಿ ಕೌಂಟಿ 2007ರಲ್ಲಿ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆದು, ಮುಂದಿನ 38 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು, ಗಳಿಸಿದ್ದು 11 ಅಂಕ. ಆದರೂ ಅವರ ಕ್ರೀಡಾಂಗಣ ವರ್ಷವಿಡೀ ಹೆಚ್ಚುಕಡಿಮೆ ತುಂಬಿರುತ್ತಿತ್ತು. ಗೆದ್ದ ಟೀಮಿನ ಜೆರ್ಸಿ ಅಂಗಡಿಯಲ್ಲಿ ಸಿಗುತ್ತದೆ. ಆ ಊರಿನವರು ವಾರ ವಾರ ಸೋಲು ನೋಡಲು ಹೋದರಲ್ಲ, ಅದು ಎಲ್ಲಿ ಸಿಗುತ್ತದೆ?

ನಮ್ಮ ಕನ್ನಡನಾಡಿನ ತಂಡಗಳೂ ಇದೇ ದಾರಿ ತುಳಿದಿವೆ. ಬೆಂಗಳೂರು ಎಫ್.ಸಿ.ಯ ಮಾತು ಬೇರೆ. ಅವರು 2013ರಲ್ಲಿ ಲಿಫ್ಟಿನಲ್ಲಿ ಬಂದಂತೆ ನೇರವಾಗಿ ಮೇಲಿನ ಲೀಗಿಗೇ ಬಂದು ಮೊದಲ ವರ್ಷವೇ ಗೆದ್ದರು. ಮೆಟ್ಟಿಲು ಹತ್ತಿದವರು ಎಚ್.ಎ.ಎಲ್. ಕಾರ್ಖಾನೆಯ ತಂಡ. 2010ರಲ್ಲಿ ಬಡ್ತಿ, ಒಂದು ವರ್ಷ ಹೇಗೋ ಉಳಿವು, 2012ರಲ್ಲಿ ಹಿಂಬಡ್ತಿ. ಇತ್ತೀಚೆಗೆ ಎಸ್.ಸಿ. ಬೆಂಗಳೂರು. 2023-24ರಲ್ಲಿ ಎರಡನೆಯ ದರ್ಜೆಯ ಐ-ಲೀಗ್ ಗೆದ್ದು ಮೇಲೆ ಬಂದರು, 2024-25ರಲ್ಲಿ ಒಂದೇ ವರ್ಷಕ್ಕೆ ದೆಹಲಿ ಎಫ್.ಸಿ.ಯ ಜೊತೆ ಕೆಳಗಿಳಿದರು. ಅವರೊಂದಿಗೇ ಮೇಲೇರಿದ ಗೋವೆಯ ಡೆಂಪೊ ಮಾತ್ರ ಉಳಿಯಿತು. ಹಿಂದೆ ಐದು ಸಲ ದೇಶದ ಲೀಗ್ ಗೆದ್ದ ಮನೆತನ ಅದು. ಮಹಡಿಯ ಮೇಲೆ ಹೇಗೆ ಓಡಾಡಬೇಕೆಂದು ಗೊತ್ತಿದ್ದವರು.

ಕೂಪರೇಜ್ ನಮ್ಮವರಿಗೆ ಹೊಸ ಜಾಗವೇನಲ್ಲ. ರೋವರ್ಸ್ ಕಪ್ ವರ್ಷಗಟ್ಟಲೆ ನಡೆದ ಮೈದಾನ ಅದು. ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು 1937ರಲ್ಲಿ ಮೊಟ್ಟಮೊದಲು ಗೆದ್ದ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷ ಮತ್ತೆ ಗೆದ್ದರು. ನನ್ನ ತಂಗಿಯ ಮಗನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. ಮೊಬೈಲಿನಲ್ಲಿ ಹುಡುಕಿ ನೋಡಿ ಆಮೇಲೆ ಒಪ್ಪಿದ.

ಹೋಗಿ ನೋಡುವ ಮನಸ್ಸಿದ್ದವರಿಗೆ ದಾರಿ ಹೇಳಿಬಿಡುತ್ತೇನೆ. ಜಿ.ಟಿ.ಬಿ. ನಗರ ಸ್ಟೇಷನ್ನಿನಲ್ಲಿ ಹಾರ್ಬರ್ ಗಾಡಿ ಹತ್ತಿ ಸಿ.ಎಸ್.ಎಂ.ಟಿ.ಗೆ ಬನ್ನಿ. ಅಲ್ಲಿಂದ ಹುತಾತ್ಮಾ ಚೌಕದ ಮೇಲೆ ನಡೆದು, ಓವಲ್ ಮೈದಾನದಲ್ಲಿ ಕ್ರಿಕೆಟ್ ಆಡುವವರ ನಡುವೆ ಚೆಂಡು ತಪ್ಪಿಸಿಕೊಂಡು ದಾಟಿದರೆ ಆಚೆ ಕಡೆ ಕೂಪರೇಜ್. ಮಳೆಗಾಲವಾದರೆ ಕೊಡೆ ಇರಲಿ.