ಕಾಯಿ ಮತ್ತು ಎರಡು ದೋಟಿ

ಈಚೆಗೆ ತುರುವೇಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಬರುತ್ತಿದ್ದಾಗ, ತೆಂಗಿನ ತೋಟದ ಬದಿಯ ವಿದ್ಯುತ್ ಕಂಬವೊಂದರಲ್ಲಿ ತಲೆಬುರುಡೆ ಮತ್ತು ಎರಡು ಮೂಳೆಗಳ ಅಪಾಯಸೂಚಕ ಫಲಕ ಕಣ್ಣಿಗೆ ಬಿತ್ತು. ಒಡನೆಯೇ ನಗು ಬಂತು; ನಗುವಿನ ಬೆನ್ನಲ್ಲೇ ಮನಸ್ಸು ಭಾರವಾಯಿತು.

ಹಿಂದೊಮ್ಮೆ ಏಳನೆಯ ತರಗತಿಯ ವಿಜ್ಞಾನ ಪಾಠದಲ್ಲಿ ಆ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು, ಇದರ ಅರ್ಥವೇನೆಂದು ಕೇಳಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಒಂದು ಕಾಯಿ, ಎರಡು ದೋಟಿ ಸಾರ್. ಇಲ್ಲಿ ಕಾಯಿ ಕೀಳ್ಬೋದು ಅಂತ" ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಸುಲಿದ ಕಾಯಿಗೆ ಮೂರು ಕಣ್ಣು. ನಾನು ಬರೆದ ಬುರುಡೆಗೂ ಕಣ್ಣು ಮೂಗು ಸೇರಿ ಮೂರೇ ತೂತು. ಹುಟ್ಟಿದಂದಿನಿಂದ ಕಾಯಿಯನ್ನೇ ಕಂಡ ಮಗು ಇನ್ನೇನು ತಾನೇ ಹೇಳೀತು?

ಕೆಲವು ವರ್ಷಗಳ ಬಳಿಕ, ನಮ್ಮೂರಿನ ತೋಟವೊಂದರಲ್ಲಿ ಕಾಯಿ ಕೀಳುತ್ತಿದ್ದವನ ದೋಟಿ ತಂತಿಗೆ ತಗುಲಿತು. ರಾತ್ರಿಯ ಮಳೆಯಲ್ಲಿ ನೆನೆದ ಬಿದಿರು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಕಂಬದಲ್ಲಿ ಫಲಕವಿತ್ತು, 11,000 ವೋಲ್ಟ್ ಎಂಬ ಬರಹವೂ ಇತ್ತು. ಆತನಿಗೆ ಓದು ಬಾರದು. ಆಸ್ಪತ್ರೆಯಲ್ಲಿ ನೋಡಲು ಹೋದಾಗ, "ಆ ಬುರುಡೆ ಏನಂತ ತಿಳ್ಕೊಂಡಿದ್ದೆಯಪ್ಪಾ?" ಎಂದೆ. "ಅದು ಕರೆಂಟಿನೋರ ಗುರುತು ಅಂದ್ಕೊಂಡಿದ್ದೆ ಮೇಷ್ಟ್ರೇ" ಎಂದ.

ಚಿತ್ರಕ್ಕೆ ಭಾಷೆ ಬೇಡವೆಂಬುದು ಅಕ್ಷರಸ್ಥರಾದ ನಮ್ಮ ಭ್ರಮೆ. 1971ರ ನಿಯಮಗಳಂತೆ ಕೀಟನಾಶಕದ ಡಬ್ಬಿಗಳ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಿವೆ. ಹಸಿರೂ ವಿಷವೇ, ಕಡಿಮೆ ತೀವ್ರತೆಯದು ಅಷ್ಟೆ. ಆದರೆ ರೈತನ ಕಣ್ಣಿಗೆ ಹಸಿರೆಂದರೆ ಸೊಂಪು! ವಿಕಿರಣವನ್ನು ಸೂಚಿಸುವ ಮೂರೆಸಳಿನ ಚಿಹ್ನೆಯಂತೂ ನಮಗೆ ಫ್ಯಾನಿನಂತೆ ಕಾಣುತ್ತದೆ. ಅದು ಜನರಿಗೆ ಅರ್ಥವಾಗುತ್ತಿಲ್ಲವೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯವರು 2007ರಲ್ಲಿ ಇನ್ನೊಂದು ಚಿಹ್ನೆ ಹೊರತಂದರು. ಅದರಲ್ಲಿ ಓಡುವ ಮನುಷ್ಯನ ಜೊತೆಗೆ ತಲೆಬುರುಡೆಯನ್ನೂ ಸೇರಿಸಿದರು. ಪಾಪ, ಅವರು ನಮ್ಮ ಸೀಮೆಯ ಶಾಲೆಗೆ ಬಂದವರಲ್ಲ.

ಅಂದು ನಾನೂ ನಕ್ಕು, "ಅಪಾಯ" ಎಂಬ ಪದವನ್ನು ಬರೆಸಿ ಮುಂದಿನ ಪಾಠಕ್ಕೆ ಹೋದೆ. ಮಕ್ಕಳನ್ನು ಕಂಬದ ಬಳಿಗೆ ಕರೆದೊಯ್ದು ತೋರಿಸಲಿಲ್ಲ. ಮನೆಯಲ್ಲಿ ಹಿರಿಯರಿಗೂ ಹೇಳಿ ಎನ್ನಲಿಲ್ಲ. ಆ ಬಾಕಿ ಪಾಠವನ್ನು ಈಗ ಒಪ್ಪಿಸುತ್ತಿದ್ದೇನೆ. ತೋಟವುಳ್ಳವರು ಕಾಯಿ ಕೀಳಿಸುವ ಮುನ್ನ ಒಮ್ಮೆ ತಲೆಯೆತ್ತಿ ತಂತಿ ನೋಡಿ. ದೋಟಿ ಹಿಡಿದವನಿಗೆ ಬಾಯಿಬಿಟ್ಟು ಹೇಳಿ. ಬುರುಡೆ ತಾನಾಗಿ ಮಾತಾಡುವುದಿಲ್ಲ.