ಎರೆಯ ಮೇಲೊಂದು ಮನೆ

ಸೈಟು ತೋರಿಸುವ ಏಜೆಂಟರ ಬಾಯಲ್ಲಿ ಬಾರದ ಮಾತಿಲ್ಲ. ಪೂರ್ವದ ಮುಖ, ಮೂವತ್ತು ಅಡಿ ರಸ್ತೆ, ಎನ್‌ಎ ಆಗಿದೆ, ಬಸ್‌ಸ್ಟ್ಯಾಂಡು ಕೂಗಳತೆ. ಕೊಳ್ಳುವವರೂ ಉತಾರ ನೋಡುತ್ತಾರೆ, ಈಶಾನ್ಯ ಮೂಲೆ ಮೊಟಕಾಗಿದೆಯೇ ಎಂದು ಅಳೆಯುತ್ತಾರೆ. ಕಾಲಡಿಯ ಮಣ್ಣಿನ ಸುದ್ದಿ ಇಬ್ಬರಿಗೂ ಬೇಡ. ಗದಗದ ಅಂಚಿನ ಸೈಟೊಂದರಲ್ಲಿ ಆ ಮಾತೆತ್ತಿದವಳು ನನ್ನ ಹೆಂಡತಿ. ಪುತ್ತೂರಿನ ಕಡೆಯವಳು, ಅವಳ ಚಿಂತೆ ಅಡಿಪಾಯದ್ದಲ್ಲ, ಕೇಪಳದ ಗಿಡದ್ದು.

“ಇಲ್ಲಿಯ ಮಣ್ಣು ಹೇಗೆ ಉಂಟು?”

“ಬಂಗಾರದಂಥಾ ಎರಿ ಐತ್ರಿ ಅಕ್ಕಾರ. ಮೊನ್ನೆ ಮೊನ್ನೆ ತನಕ ಇಲ್ಲಿ ಕಡ್ಲಿ ಬಿತ್ತತಿದ್ರು.”

ಏಜೆಂಟ ಹೊಗಳಿದ್ದ. ಎರೆಯನ್ನು ಬಲ್ಲ ಗೌಂಡಿಯಾಗಿದ್ದರೆ ಅದೇ ಮಾತಿಗೆ ತಲೆ ಕೆರೆದುಕೊಳ್ಳುತ್ತಿದ್ದ.

ನಾನು ಬೆಳೆದದ್ದು ನವಲಗುಂದದ ಎರೆಹೊಲಗಳ ನಡುವೆ. ಬೇಸಿಗೆಯಲ್ಲಿ ಹೊಲ ಬಿರಿದರೆ ಮೊಣಕೈವರೆಗೆ ಕೈ ಇಳಿಯುತ್ತಿತ್ತು. ಒಳಗೆ ಬಿದ್ದ ಗೋಲಿ ಮರಳಿ ಸಿಕ್ಕಿದ್ದಿಲ್ಲ. ಮೇಲುಮಣ್ಣು ಆ ಬಿರುಕಿಗೆ ಉದುರಿ, ಮಳೆಗೆ ಒಳಗೇ ಉಬ್ಬಿ, ಹೊಲ ತನ್ನನ್ನು ತಾನೇ ತಿರುವಿ ಹಾಕಿಕೊಳ್ಳುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದಕ್ಕೂ ಅದೇ ಮಣ್ಣು, ಅವ್ವ ತಲೆ ತೊಳೆಯುವುದಕ್ಕೂ ಅದೇ. ಹಿಂಗಾರಿ ಜೋಳವಂತೂ ಮಳೆ ಹಿಂದೆ ಸರಿದ ಮೇಲೆ ನೆಲದೊಳಗಿನ ಹಸಿಯನ್ನೇ ನಂಬಿ ತೆನೆ ಕಟ್ಟುತ್ತದೆ.

ಜೋಳವನ್ನು ಸಾಕುವ ಆ ಹಸಿಯೇ ಗೋಡೆಯನ್ನು ಸೀಳುತ್ತದೆ. ಎರೆಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಇಸ್ಪೀಟು ಕಟ್ಟಿನಂತೆ ಒತ್ತಾಗಿರುವ ಅದರ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಮೇಲಿರುವ ಮನೆಗೆ ವರ್ಷ ವರ್ಷವೂ ಏರಿಳಿತ. ಶ್ರಾವಣದಲ್ಲಿ ಬಾಗಿಲು ಬಿಗಿಯುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. “ಎರಿ ಬಿತ್ತಾಕ, ಗರಸು ಇರಾಕ” ಅನ್ನುತ್ತಿದ್ದ ನಮ್ಮಜ್ಜ. ಊರಿನ ಹಳೆಯ ಮನೆಗಳೆಲ್ಲ ಗರಸಿನ ದಿಬ್ಬದ ಮೇಲಿದ್ದವು. ಕಾಳು ತುಂಬುವ ಹಗೇವನ್ನೂ ಅಲ್ಲೇ ತೋಡಿದ್ದರು. ಮನೆಗಳು ದಿಬ್ಬ ಇಳಿದು ಹೊಲಕ್ಕೆ ಬಂದದ್ದು ನಮ್ಮ ಕಾಲದಲ್ಲಿ.

ಮುಂಗಡ ಕೊಡುವ ಮೊದಲೇ ಗುಂಡಿ ತೆಗೆಸಿ, ಮಣ್ಣನ್ನು ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿಗೆ ಒಯ್ದೆವು. ಪರೀಕ್ಷೆ ಬಲು ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಅಳತೆಗೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿದರು. ಸೀಮೆಎಣ್ಣೆಗೆ ಜೇಡಿ ಉಬ್ಬುವುದಿಲ್ಲ. ಮರುದಿನ ಹೋಗಿ ನೋಡಿದರೆ ಎಣ್ಣೆಯೊಳಗಿನ ಮಣ್ಣು 11 ಮಿ.ಲೀ. ಗೆರೆಯಲ್ಲಿ ತೆಪ್ಪಗೆ ಕೂತಿತ್ತು. ನೀರಿನದು 23ರ ಗೆರೆಗೆ ಏರಿತ್ತು. ಅಂದರೆ ಮೂಲದ ಗಾತ್ರಕ್ಕಿಂತ ಶೇ. 109ರಷ್ಟು ಹೆಚ್ಚು. ನೂರು ದಾಟಿತೆಂದರೆ ಜೋರಾಗಿ ಉಬ್ಬುವ ಮಣ್ಣು ಎಂಬುದು ಭಾರತೀಯ ಮಾನಕದ ಲೆಕ್ಕ.

ಹಾಗೆಂದು ಎರೆಯಲ್ಲಿ ಮನೆಯೇ ಕೂಡದು ಅಂತಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಅಂಡರ್‌ರೀಮ್ಡ್ ಪೈಲನ್ನು ರೂಢಿಗೆ ತಂದಿತು. ಮಳೆ ಬಿಸಿಲುಗಳ ಆಟ ತಟ್ಟದ ಸುಮಾರು 3.5 ಮೀಟರ್ ಆಳಕ್ಕೆ ಕಾಂಕ್ರೀಟ್ ಕಂಬ, ಅದರ ಬುಡದ ಬಳಿ ಕಂಬದ 2.5 ಪಟ್ಟು ಅಗಲದ ಉಬ್ಬು. ನಮ್ಮ ಸೀಮೆಯ ಮಲಪ್ರಭಾ ಕಾಲುವೆಗಳಿಗೂ ಎರೆಯದೇ ಕಾಟ. ಅಲ್ಲಿ ನೆರವಿಗೆ ಬಂದದ್ದು ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಅವರ ಸಂಶೋಧನೆ: ಎರೆಗೂ ಕಾಲುವೆಯ ಹೊದಿಕೆಗೂ ನಡುವೆ ಉಬ್ಬದ, ಆದರೆ ಹಿಡಿತವಿರುವ ಮಣ್ಣಿನ ದಪ್ಪ ಪದರ.

ಮಣ್ಣು ನೋಡುವುದು ಎಂಜಿನಿಯರರು ತಂದ ಹೊಸ ಉಪದ್ರವವೇನಲ್ಲ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲೇ ಹೇಳಿದ್ದಾನೆ: ಮೊಳದಷ್ಟು ಗುಂಡಿ ತೋಡಿ, ತೆಗೆದ ಮಣ್ಣನ್ನೇ ತಿರುಗಿ ತುಂಬು, ಮಿಕ್ಕರೆ ಒಳ್ಳೆಯ ನೆಲ, ಸಾಲದೆ ಬಂದರೆ ಕೆಟ್ಟದ್ದು. ಇಲ್ಲವೇ ನೀರು ತುಂಬಿ, ನೂರು ಹೆಜ್ಜೆ ಹೋಗಿ ಬಂದು, ಎಷ್ಟು ಇಂಗಿತೆಂದು ನೋಡು. ವಾಸ್ತುವಿನ ಹೆಸರಲ್ಲಿ ಬಚ್ಚಲ ದಿಕ್ಕನ್ನು ಉಳಿಸಿಕೊಂಡ ನಾವು ಗುಂಡಿಯನ್ನು ಮುಚ್ಚಿಬಿಟ್ಟೆವು.

ಮನೆಯೇನೋ ಪೈಲಿನ ಮೇಲೆ ನಿಂತಿತು. ಕೇಪಳಕ್ಕೆ ಪೈಲು ಹಾಕುವವರಾರು? ನೆಟ್ಟ ಗಿಡದ ಎಳೆಯ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯಿತು. ಎರೆಯಲ್ಲಿ ಸುಣ್ಣದ ಅಂಶ ಜಾಸ್ತಿ, ಗುಣ ಕ್ಷಾರ. ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅವಳ ತವರಿನದು ಹುಳಿ ಗುಣದ, ಕಬ್ಬಿಣ ತುಂಬಿದ ಮುರಕಲ್ಲಿನ ನೆಲ. ಬ್ರಿಟಿಷರ ಕಾಲದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಅಂಥ ಕಲ್ಲನ್ನು ಕಂಡು ಬೆರಗಾಗಿ, 1807ರ ತನ್ನ ಪ್ರವಾಸಕಥನದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಲ್ಲಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಆ ಕಡೆ ಮನೆ ಕಟ್ಟುವುದೂ ಅದರಲ್ಲೇ. ಈಗ ಕೇಪಳ ತವರಿನ ಮಣ್ಣು ತುಂಬಿದ ಕುಂಡದಲ್ಲಿದೆ. ಹಿತ್ತಲಿನಲ್ಲಿ ಕುಸುಬೆ, ಕಡಲೆ.

ಸೈಟು ಕೊಳ್ಳುವವರು ಕೇಳಿದರೆ ನಾನು ಹೇಳುವುದಿಷ್ಟು: ಒಮ್ಮೆ ಬಿರುಬೇಸಿಗೆಯಲ್ಲಿ ಹೋಗಿ ನೆಲದ ಬಿರುಕು ನೋಡಿ, ಒಮ್ಮೆ ಮಳೆಯಲ್ಲಿ ಹೋಗಿ ಚಪ್ಪಲಿಗೆ ಅಂಟಿದ್ದನ್ನು ನೋಡಿ, ನೆರೆಮನೆಯ ಕಾಂಪೌಂಡ್ ಗೋಡೆ ನೋಡಿ. ಅಲ್ಲಿ ಉತ್ತವರು ಸಿಕ್ಕರೆ ಅವರನ್ನೇ ಕೇಳಿ. ಎರೆಯೆಂದು ಗೊತ್ತಾದರೆ ಓಡಿಹೋಗಬೇಡಿ, ಪೈಲಿನ ಖರ್ಚನ್ನು ಸೈಟಿನ ದರದಲ್ಲಿ ಮುರಿದುಕೊಳ್ಳಿ. ನಾವು ಹಾಗೇ ಮಾಡಿದ್ದು. ಅಂದಿನಿಂದ ಆ ಏಜೆಂಟ ಗಿರಾಕಿಗಳ ಮುಂದೆ ಬಂಗಾರದ ಮಾತೆತ್ತುವುದಿಲ್ಲವಂತೆ.