ಕುಣಿಗಲ್ ಕೆರೆಯ ಹಾಡುಗಾರ

ಯಡಿಯೂರಿನ ಸಿದ್ಧಲಿಂಗೇಶ್ವರಸ್ವಾಮಿಯ ದರ್ಶನವಾಗಿ, ದಾಸೋಹದ ಊಟವೂ ಮುಗಿದು, ಗುಡಿಯ ಹೊರಗಿನ ನೆರಳಿನಲ್ಲಿ ಆ ಕುಟುಂಬದವರು ವಿಶ್ರಮಿಸಿಕೊಳ್ಳುತ್ತಿದ್ದರು. ಬೆಂಗಳೂರಿನಿಂದ ಬಂದ ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು; ಇದೇ ಸೀಮೆಯಲ್ಲಿ ಹುಟ್ಟಿ, ಇದೇ ಸೀಮೆಯಲ್ಲಿ ಬಾಳಿ, ಮಗನ ಮನೆಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಲೊಲ್ಲದ ಅಜ್ಜಿ. ಈ ಸಲ ಹೇಗೋ ಒಪ್ಪಿಸಿ ಅವಳನ್ನೂ ಬೆಂಗಳೂರಿಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಬಿಸಿಲು ಇಳಿಯುವವರೆಗೆ ಹೊತ್ತು ಹೋಗಬೇಕಲ್ಲ! ಮೊಮ್ಮಗಳು ತಾನು ಸುಗಮ ಸಂಗೀತದ ತರಗತಿಯಲ್ಲಿ ಕಲಿತಿದ್ದ ಕುಣಿಗಲ್ ಕೆರೆಯ ಹಾಡನ್ನು ಹಾಡತೊಡಗಿದಳು. ಅಜ್ಜಿಯ ಮುಖ ಅರಳಿತು, ತಾನೂ ದನಿಗೂಡಿಸಿದಳು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಇಬ್ಬರ ದಾರಿಯೂ ಬೇರೆಬೇರೆಯಾಯಿತು.

“ಹಾಗಲ್ಲ ಅಜ್ಜಿ, ನೀವು ತಪ್ಪು ಹಾಡುತ್ತಿದ್ದೀರಿ. ಕಾಳಿಂಗರಾಯರ ಧಾಟಿ ಹೀಗೆ,” ಎಂದಳು ಹುಡುಗಿ.

“ಅದ್ಯಾರವ್ವ ಕಾಳಿಂಗರಾಯ್ರು? ನಮ್ ಕೆರೆ ಹಾಡ ನಂಗೇ ಹೇಳ್ಕೊಡಾಕೆ ಬಂದೋರು!”

ಮಗ ಸೊಸೆ ಇಬ್ಬರೂ ನಕ್ಕುಬಿಟ್ಟರು. ಆದರೆ ಅಜ್ಜಿಯ ಪ್ರಶ್ನೆ ನಕ್ಕು ಬಿಡತಕ್ಕದ್ದಲ್ಲ. ಹೆಸರು ತಿಳಿಯದ ಹೆಂಗಸರು ಯಾವ ಕಾಲದಲ್ಲಿಯೋ ಕಟ್ಟಿ, ನಾಟಿ ಹಾಕುತ್ತಲೋ ರಾಗಿ ಬೀಸುತ್ತಲೋ ತಮತಮಗೆ ತೋಚಿದಂತೆ ಹಾಡಿಕೊಂಡು ಬಂದ ಪದವೊಂದಕ್ಕೆ, ಕಡಲ ತೀರದಲ್ಲಿ ಹುಟ್ಟಿದ ಗಾಯಕನೊಬ್ಬನ ಧಾಟಿಯೇ ‘ಸರಿ’ಯಾದದ್ದು ಹೇಗೆ?

ಪಾಂಡೇಶ್ವರ ಕಾಳಿಂಗರಾಯರು ಜನಿಸಿದ್ದು 1914ರ ಆಗಸ್ಟ್ 31ರಂದು, ಉಡುಪಿಯ ಕಡೆಯ ಆರೂರಿನಲ್ಲಿ. ತಂದೆ ನಾರಾಯಣರಾಯರು ಯಕ್ಷಗಾನ ಕಲಾವಿದರು. ಯಕ್ಷಗಾನದ ಮನೆಯಲ್ಲಿ ಹುಟ್ಟಿದ ಮಗುವಿಗೆ ಒಂದು ಪಾಠವನ್ನು ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿಲ್ಲ. ಚೆಂಡೆ ಮದ್ದಳೆಗಳ ಅಬ್ಬರದ ನಡುವೆ, ಇರುಳಿಡೀ, ಗದ್ದೆಯ ಕೊನೆಯಲ್ಲಿ ಕಂಬಳಿ ಹೊದ್ದು ಕುಳಿತವನಿಗೂ ಕಥೆ ತಿಳಿಯುವಂತೆ ಭಾಗವತ ಹಾಡಬೇಕು. ರಾಗ ಎಷ್ಟೇ ಸೊಗಸಾಗಿರಲಿ, ಪದವನ್ನು ನುಂಗಿದರೆ ಆಟವೇ ಕೆಡುತ್ತದೆ. ಮುಂದೆ ಕಾಳಿಂಗರಾಯರ ಹೆಗ್ಗುರುತಾದ ಸ್ಪಷ್ಟ ಉಚ್ಚಾರಣೆಯ ಬೇರು ಇಲ್ಲಿಯೇ ಇದ್ದಿರಬೇಕು.

ಬಾಲ್ಯದಲ್ಲಿಯೇ ಅವರು ಅಂಬಾಪ್ರಸಾದಿತ ನಾಟಕ ಮಂಡಳಿಯನ್ನು ಸೇರಿದರು. ಧ್ವನಿವರ್ಧಕವಿಲ್ಲದ ಅಂದಿನ ರಂಗಭೂಮಿಯಲ್ಲಿ ಕಂಠವೇ ನಟನ ಆಸ್ತಿ. ಕರ್ನಾಟಕ ಸಂಗೀತ, ಹಿಂದೂಸ್ತಾನೀ ಸಂಗೀತ ಎರಡರಲ್ಲಿಯೂ ಅವರಿಗೆ ಪರಿಶ್ರಮವಿದ್ದಿತು. ಮದರಾಸಿನಲ್ಲಿ ಸಂಗೀತದ ಶಿಕ್ಷಕರಾಗಿಯೂ ದುಡಿದರು. ಇಷ್ಟೆಲ್ಲ ಸಿದ್ಧತೆಯುಳ್ಳವರು ಕಚೇರಿಯ ವಿದ್ವಾಂಸರಾಗಿಯೋ ಚಲನಚಿತ್ರದ ಸಂಗೀತ ನಿರ್ದೇಶಕರಾಗಿಯೋ ನೆಲೆ ನಿಂತುಬಿಡಬಹುದಾಗಿತ್ತು. ಚಿತ್ರರಂಗದ ಬಾಗಿಲು ತೆರೆದೇ ಇದ್ದಿತು: 1947ರ ‘ಕೃಷ್ಣಲೀಲಾ’, 1959ರ ‘ಅಬ್ಬಾ ಆ ಹುಡುಗಿ’ ಚಿತ್ರಗಳಿಗೆ ಸಂಗೀತ ನೀಡಿದರು, 1964ರ ‘ತುಂಬಿದ ಕೊಡ’ದಲ್ಲಿ ಅವರು ಹಾಡಿದ ಪ್ರೇಮಗೀತೆಯೊಂದು ಇಂದಿಗೂ ಮದುವೆಮನೆಗಳಲ್ಲಿ ಕೇಳಿಬರುತ್ತದೆ. ಆದರೆ ಅವರ ಹೆಸರು ಉಳಿದದ್ದು ಚಿತ್ರಗಳಿಂದಲ್ಲ. ಅವರು ಹಿಡಿದ ದಾರಿಗೆ ಆಗಿನ್ನೂ ಸರಿಯಾದ ಹೆಸರೂ ಇದ್ದಿರಲಿಲ್ಲ. ಕವಿಯ ಕವಿತೆಯನ್ನು ಎತ್ತಿಕೊಂಡು, ಅದರ ಭಾವಕ್ಕೆ ಒಪ್ಪುವ ಧಾಟಿ ಹೊಂದಿಸಿ, ಸಾಮಾನ್ಯ ಜನರ ಮುಂದೆ ಹಾಡುವುದು — ಇಂದು ಸುಗಮ ಸಂಗೀತವೆಂದು ಕರೆಯಲ್ಪಡುವ ಕಲೆಗೆ ಕನ್ನಡದಲ್ಲಿ ಅವರನ್ನು ಆದ್ಯರೆಂದು ಎಣಿಸುತ್ತಾರೆ. ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ ಮೊದಲಾದವರೆಲ್ಲ ನಡೆದದ್ದು ಅವರು ಸವೆಸಿದ ಹಾದಿಯಲ್ಲಿ.

ಮೋಹನಕುಮಾರಿ, ಸೋಹನಕುಮಾರಿ ಎಂಬ ಇಬ್ಬರು ಗಾಯಕಿಯರು ಜೊತೆಗೂಡಿದ ಮೇಲೆ ಈ ಮೂವರ ಹಾಡು ಕನ್ನಡನಾಡಿಗೆಲ್ಲ ಪರಿಚಿತವಾಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನೇ ನೋಡಬಹುದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ಆ ಹಾಡು, 1956ರ ನವೆಂಬರ್ 1ರಂದು ನಾಡು ಒಂದಾದ ಕಾಲಕ್ಕೆ ಜನರ ಕಿವಿಯಲ್ಲಿ ನಿಂತದ್ದು ಕಾಳಿಂಗರಾಯರ ಕಂಠದಲ್ಲಿ. ಬೇಂದ್ರೆಯವರ ‘ಗಂಗಾವತರಣ’ವನ್ನು ಅಚ್ಚಿನಲ್ಲಿ ಓದಿದವರೆಷ್ಟೋ, ಅವರ ಬಾಯಲ್ಲಿ ಕೇಳಿದವರೇ ಹೆಚ್ಚೆಂದರೆ ತಪ್ಪಾಗಲಾರದು. ಆ ಹಾಡನ್ನು ಕೇಳುವಾಗ ಗಂಗೆಯನ್ನು ಕರೆಯುತ್ತಿರುವವನು ಪುರಾಣದ ಭಗೀರಥನಲ್ಲ, ಬಾಯಾರಿದ ಹಳ್ಳಿಗಾರ ಎನಿಸುತ್ತದೆ. ಕವಿಗೂ ಗಾಯಕರಿಗೂ ಮತ್ತೊಂದು ನಂಟು ಉಂಟು: 1981ರ ಸೆಪ್ಟೆಂಬರ್ 21ರಂದು ಕಾಳಿಂಗರಾಯರು ತೀರಿಕೊಂಡರು, ಅಕ್ಟೋಬರ್ 26ರಂದು ಬೇಂದ್ರೆಯವರು. ಐದು ವಾರಗಳ ಅಂತರವಷ್ಟೆ.

ಶಾಸ್ತ್ರೀಯ ಸಂಗೀತದ ಕಟ್ಟುನಿಟ್ಟಿನವರು ಇಂಥ ಗಾಯನವನ್ನು ಹಗುರವೆಂದು ಎಣಿಸುವುದುಂಟು. ‘ಸುಗಮ’ ಎಂಬ ಹೆಸರೇ ಆ ತಾತ್ಸಾರಕ್ಕೆ ಅವಕಾಶ ಕೊಟ್ಟಿತೋ ಏನೋ! ರಾಗವನ್ನು ಒಂದು ಗಂಟೆ ಬೆಳೆಸುವುದು ಕಷ್ಟ, ಒಪ್ಪತಕ್ಕದ್ದೇ. ಆದರೆ ಕವಿಯ ಒಂದು ಮಾತನ್ನೂ ಮುರಿಯದೆ, ಅರ್ಥವನ್ನೂ ಕದಡದೆ, ಮೂರು ನಿಮಿಷದಲ್ಲಿ ಕೇಳುಗನ ಗಂಟಲು ಕಟ್ಟುವಂತೆ ಹಾಡುವುದು ಸುಲಭವೆಂದು ಯಾರು ಹೇಳಿದರು?

ದೂರದ ಈಜಿಪ್ಟಿನಲ್ಲಿಯೂ ಇಂಥದೇ ಒಂದು ಕಥೆ ನಡೆದಿತ್ತು. ನೈಲ್ ನದಿಯ ಮುಖಜಭೂಮಿಯ ಹಳ್ಳಿಯೊಂದರಲ್ಲಿ, ಮಸೀದಿಯ ಇಮಾಮರ ಮಗಳಾಗಿ ಹುಟ್ಟಿದ ಉಮ್ ಕುಲ್ಸುಮ್, ಹುಡುಗಿ ಸಭೆಯಲ್ಲಿ ಹಾಡಬಾರದೆಂಬ ಕಾಲದಲ್ಲಿ ಹುಡುಗನ ವೇಷ ತೊಟ್ಟು ತಂದೆಯೊಡನೆ ಹಾಡಲು ಹೋಗುತ್ತಿದ್ದಳು. ಕುರಾನ್ ಪಠಣದಿಂದ ಕಲಿತ ಶುದ್ಧ ಉಚ್ಚಾರಣೆಯೇ ಆಕೆಯ ಬಲವಾಯಿತು. ಅಹ್ಮದ್ ಶೌಕಿ, ಅಹ್ಮದ್ ರಾಮಿಯವರಂಥ ಕವಿಗಳ ಮಾತುಗಳು ಆಕೆಯ ಕಂಠದಿಂದ ಹೊರಟು, ಓದು ಬಾರದ ರೈತನನ್ನೂ ತಲಪಿದವು. ತಿಂಗಳ ಮೊದಲ ಗುರುವಾರದ ರಾತ್ರಿ ರೇಡಿಯೋದಲ್ಲಿ ಆಕೆಯ ಗಾನವೆಂದರೆ ಅರಬ್ಬೀ ನಾಡುಗಳೆಲ್ಲ ಕಿವಿಯಾಗುತ್ತಿದ್ದವು. 1975ರಲ್ಲಿ ಆಕೆ ತೀರಿಕೊಂಡಾಗ ಕೈರೋ ನಗರದ ಬೀದಿಗಳು ಜನಸಮುದ್ರವಾದವು. ಭಾಗವತಿಕೆಯ ಮನೆಯ ಹುಡುಗನಿಗೂ ಇಮಾಮರ ಮನೆಯ ಹುಡುಗಿಗೂ ಮಾತನ್ನು ಕೆಡಿಸದೆ ಹಾಡುವ ಶಿಕ್ಷಣ ಮೊದಲು ದೊರೆತದ್ದು ಸಂಗೀತಶಾಲೆಯಲ್ಲಲ್ಲ, ಮನೆಯಲ್ಲಿ.

ಒಂದು ವ್ಯತ್ಯಾಸವನ್ನು ಮರೆಯಬಾರದು. ಉಮ್ ಕುಲ್ಸುಮ್ ಒಂದೇ ಹಾಡನ್ನು ಗಂಟೆಗಟ್ಟಲೆ ಹಾಡಬಲ್ಲಳು. ಕೇಳುಗರು ಬೇಡಿದರೆ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ತಿರುಗಿಸಿ ಹಾಡಬಲ್ಲಳು. ಗ್ರಾಮಫೋನಿನ ತಟ್ಟೆಯಲ್ಲಿ ಅದಕ್ಕೆ ಎಡೆ ಎಲ್ಲಿ? ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಮುಳ್ಳು ಎತ್ತಿ ಮತ್ತೆ ಇಟ್ಟರೆ ಅದೇ ಹಾಡು, ಅದೇ ತಿರುವು, ಅದೇ ಉಸಿರು. ಗದ್ದೆಯಲ್ಲಿ ಹಾಡುವ ಹೆಂಗಸರಿಗೆ ಈ ಕಟ್ಟಳೆ ಇಲ್ಲ. ಸಾಲು ನೆಟ್ಟು ಮುಗಿಯುವವರೆಗೆ ಹಾಡು ಬೆಳೆಯುತ್ತದೆ. ಮಳೆ ಬಂದರೆ ನಿಲ್ಲುತ್ತದೆ. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೋಬಾನೆಯ ಹಾಗೆ ತುಂಬಿಕೊಡುತ್ತಾರೆ.

ತುಂಬಿದ ಕೆರೆಯ ಮೇಲೆ ಚಂದ್ರ ಮೂಡುವ ಚೆಲುವನ್ನು, ಹಿತ್ತಿಲಲ್ಲಿಯೇ ಸಿಕ್ಕುವ ಹಣ್ಣುಗಳ ಹೋಲಿಕೆಯಿಟ್ಟು ಬಣ್ಣಿಸುವ ಈ ಜಾನಪದ ಗೀತೆ ಕಾಳಿಂಗರಾಯರ ಕಂಠಕ್ಕೆ ಬಂದಾಗ ಎರಡು ಕೆಲಸ ಒಟ್ಟಿಗೆ ಆದವು. ಕುಣಿಗಲನ್ನು ಎಂದೂ ಕಾಣದ ಧಾರವಾಡದವನಿಗೂ ಮಂಗಳೂರಿನವನಿಗೂ ಆ ಕೆರೆ ತನ್ನದಾಯಿತು. ಆದರೆ ನೂರು ಬಗೆಯಾಗಿದ್ದ ಧಾಟಿ ಒಂದಾಗಿ ಗಟ್ಟಿಕಟ್ಟಿತು. ಇದರಲ್ಲಿ ಕಾಳಿಂಗರಾಯರ ತಪ್ಪೇನೂ ಇಲ್ಲ. ಅವರು ಹಾಡದೆ ಇದ್ದಿದ್ದರೆ, ಬೆಂಗಳೂರಿನ ಹನ್ನೆರಡು ವರ್ಷದ ಹುಡುಗಿಯ ಬಾಯಲ್ಲಿ ಇಂದು ಆ ಪದ ಇರುತ್ತಿದ್ದುದೇ ಸಂದೇಹ. ನಷ್ಟವಂತೂ ನಷ್ಟವೇ, ಆದರೆ ಲಾಭ ಅದಕ್ಕಿಂತ ದೊಡ್ಡದು. ಅಜ್ಜಿಯ ಎದುರು ಇದನ್ನು ಹೇಳುವುದು ಮಾತ್ರ ಕಷ್ಟ.

ಬಿಸಿಲು ಇಳಿಯಿತು. ಕಾರು ಪೂರ್ವಾಭಿಮುಖವಾಗಿ ಹೊರಟಿತು. ಯಡಿಯೂರಿನಿಂದ ಕುಣಿಗಲ್‌ಗೆ ಸುಮಾರು 20 ಕಿಲೋಮೀಟರ್. ದಾರಿಯಲ್ಲಿ ಮೊಮ್ಮಗಳು ಮೊಬೈಲಿನಲ್ಲಿ ಕಾಳಿಂಗರಾಯರ ಹಾಡನ್ನು ಹುಡುಕಿ ಅಜ್ಜಿಯ ಕಿವಿಗೆ ಹಿಡಿದಳು. ಅಜ್ಜಿ ಕಣ್ಣು ಮುಚ್ಚಿ, ಕೊನೆಯವರೆಗೆ ಒಂದು ಮಾತೂ ಆಡದೆ ಕೇಳಿದಳು. ಮುಗಿದ ಮೇಲೆ, “ಇನ್ನೊಂದ್ ಸಲ ಹಾಕವ್ವ,” ಎಂದಳು. ಎರಡನೆಯ ಸಲವೂ ಆಯಿತು.

“ಗಂಟ್ಲು ಒಳ್ಳೇದೈತೆ,” ಎಂದಳು ಅಜ್ಜಿ. “ಒಂದೊಂದ್ ಮಾತೂ ಬಿಡಿಸ್ ಬಿಡಿಸಿ ಹೇಳ್ತಾರೆ. ಯಾವೂರೋರು?”

“ಉಡುಪಿಯ ಕಡೆಯವರಮ್ಮ,” ಎಂದ ಮಗ.

“ಹಂಗಂತೀಯ? ಮೂಡ್ಲು ಅಂತ ಎಷ್ಟು ಚೆಂದಾಗಿ ಎಳೀತಾರೆ! ನಮಗೇನೋ ಯಡಿಯೂರಿಗೆ ಕುಣಿಗಲ್ಲು ಮೂಡ್ಲು, ಚಂದ್ರ ಅಲ್ಲೇ ಹುಟ್ಟೋದು. ಅವರಿಗೆ ಇನ್ನೂ ಎಷ್ಟು ದೂರದ ಮೂಡ್ಲೋ... ನಮ್ ಕೆರೆ ನೋಡಿದ್ರಾ ಅವ್ರು?”

ಕಾರಿನಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಕುಣಿಗಲ್ ಹತ್ತಿರವಾಗುವಷ್ಟರಲ್ಲಿ ಕತ್ತಲು ಕವಿದಿತ್ತು. ಮಗ ಹೆದ್ದಾರಿ ಬಿಟ್ಟು ಕೆರೆಯ ಕಡೆಗೆ ತಿರುಗಿಸಿದ. ನೀರಿನ ಮೇಲಿಂದ ತಂಗಾಳಿ ಬೀಸುತ್ತಿದ್ದಿತು. ಹುಣ್ಣಿಮೆಗೆ ಇನ್ನೂ ಎರಡು ದಿನ ಇದ್ದುದರಿಂದ ಚಂದ್ರ ಆಗಲೇ ಮೇಲೇರಿದ್ದ. ಅಜ್ಜಿ ಏರಿಯ ಮೇಲೆ ನಿಂತು ಹಾಡಿಗೆ ಎತ್ತಿಕೊಟ್ಟಳು, ತನ್ನ ಧಾಟಿಯಲ್ಲಿಯೇ. ಮೂರನೆಯ ಸಾಲಿನಲ್ಲಿ ಮೊಮ್ಮಗಳು ಒಂದು ಕ್ಷಣ ತಡೆದು, ಅಜ್ಜಿಯ ಬಾಯನ್ನೇ ನೋಡುತ್ತ ಹಿಂದಿನಿಂದ ಬಂದಳು.